ಗ್ಯಾಸ್ ಎಂದು ಸೋಡಾ ಕುಡಿಯುವ ಮುನ್ನ

ಅಳ್ನಾವರ: ಊಟವಾದ ಮೇಲೆ ಎದೆಯಲ್ಲಿ ಬಿಗಿತ ಕಾಣಿಸಿಕೊಂಡರೆ ಈ ಭಾಗದ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಗ್ಯಾಸ್ ಆಗೇತಿ’. ಒಂದು ಸೋಡಾ, ಇಲ್ಲವೇ ಜೀರಿಗೆ ಕಷಾಯ, ಅದಕ್ಕೂ ಇಳಿಯದಿದ್ದರೆ ಅಂಗಡಿಯಿಂದ ತಂದ ಒಂದು ಮಾತ್ರೆ. ಬಹಳಷ್ಟು ಸಲ ಅದು ನಿಜಕ್ಕೂ ಗ್ಯಾಸೇ ಆಗಿರುತ್ತದೆ. ತೊಡಕಿರುವುದೂ ಅಲ್ಲಿಯೇ. ಹತ್ತು ಸಲ ನಿಜವಾದ ಊಹೆಯನ್ನು ಹನ್ನೊಂದನೆಯ ಸಲ ಅನುಮಾನಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಈ ಗೊಂದಲಕ್ಕೆ ದೇಹರಚನೆಯೂ ಕಾರಣ. ಹೃದಯ ಮತ್ತು ಅನ್ನನಾಳಗಳಿಂದ ಹೊರಟ ನರಗಳು ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಭಾಗವನ್ನು ಸೇರುತ್ತವೆ. ನೋವು ಎಲ್ಲಿಂದ ಬಂತೆಂದು ಮೆದುಳಿಗೆ ಸ್ಪಷ್ಟವಾಗಿ ತಿಳಿಯುವುದಿಲ್ಲ. ಆದ್ದರಿಂದಲೇ ಹೃದಯದ ನೋವು ಎಡಗೈ, ದವಡೆ, ಬೆನ್ನು ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಹೃದಯದ ಕೆಳಭಾಗಕ್ಕೆ ಆಘಾತವಾದಾಗ ವಾಕರಿಕೆ, ವಾಂತಿಯೂ ಆಗಬಹುದು. ತೇಗು ಬಂದು ಹಗುರವಾಯಿತು ಎಂಬುದೊಂದೇ ಹೃದಯ ಸುರಕ್ಷಿತವಾಗಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ.

ಅನೇಕರಲ್ಲಿ ಹೃದಯವು ದಿನಗಳ ಮೊದಲೇ ಸೂಚನೆ ನೀಡಿರುತ್ತದೆ. ಮೆಟ್ಟಿಲು ಏರುವಾಗ, ಭತ್ತದ ಚೀಲ ಹೊರುವಾಗ ಎದೆ ಹಿಡಿದಂತಾಗಿ, ನಿಂತರೆ ಐದು ನಿಮಿಷದಲ್ಲಿ ಬಿಟ್ಟುಹೋಗುವ ನೋವು ಅಂಥದ್ದು. ರಕ್ತನಾಳ ಕಿರಿದಾಗಿರುವಾಗ ಶ್ರಮಕ್ಕೆ ತಕ್ಕ ರಕ್ತ ಸ್ನಾಯುವಿಗೆ ದೊರೆಯದು. ವಿಶ್ರಾಂತಿಯಲ್ಲಿ ಬೇಡಿಕೆ ತಗ್ಗುವುದರಿಂದ ನೋವೂ ತಗ್ಗುತ್ತದೆ. ತಾನಾಗಿ ಹೋಯಿತೆಂದು ಇದನ್ನು ಮರೆಯುವವರೇ ಅಧಿಕ. ಮಧುಮೇಹಿಗಳಲ್ಲಿ ನರಗಳು ಮಂದವಾಗಿ ನೋವೇ ತಿಳಿಯದಿರಬಹುದು. ಮಹಿಳೆಯರಲ್ಲಿ ಎದೆನೋವಿನ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ವಿಪರೀತ ದಣಿವು, ಉಸಿರಾಟದ ತೊಂದರೆ ಕಾಣಿಸುವುದುಂಟು. ಮನೆಗೆಲಸದ ಸುಸ್ತೆಂದು ಅದನ್ನು ಮನೆಯವರೂ ತಳ್ಳಿಹಾಕುತ್ತಾರೆ, ಆಕೆಯೂ ತಳ್ಳಿಹಾಕುತ್ತಾಳೆ.

2018ರಲ್ಲಿ ತಾಲ್ಲೂಕು ಕೇಂದ್ರವಾದ ಅಳ್ನಾವರದಿಂದ ಧಾರವಾಡಕ್ಕೆ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್, ಹುಬ್ಬಳ್ಳಿ ಇನ್ನೂ ಮುಂದೆ. ರಕ್ತನಾಳ ಪೂರ್ಣ ಕಟ್ಟಿಕೊಂಡ ಅರ್ಧ ಗಂಟೆಯ ಆಸುಪಾಸಿನಲ್ಲೇ ಹೃದಯದ ಸ್ನಾಯು ಸಾಯತೊಡಗುತ್ತದೆ. ಸೋಡಾ ಕುಡಿದು ‘ನೋಡೋಣ’ ಎಂದು ಕಳೆಯುವ ಒಂದು ತಾಸು ಇಲ್ಲಿ ನಗರದವರಿಗಿಂತ ದುಬಾರಿ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತಮ್ಮ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದ ಬಳಿಕ, ಹೃದಯ ತಪಾಸಣೆಗೆಂದು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಜನ ಮುಗಿಬಿದ್ದರು. ಅವರ ಹೆಸರಿನಲ್ಲಿಯೇ ರಾಜ್ಯ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ರೂಪಿಸಿತು. ಆಯ್ದ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಪರಿಶೀಲಿಸುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡಲಾಗುತ್ತದೆ. ಹೊರಗೆ ಇದಕ್ಕೆ ಹತ್ತಾರು ಸಾವಿರ ರೂಪಾಯಿ ಬೇಕು. ಸಮೀಪದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂಬುದನ್ನು ನೋವಿಲ್ಲದ ದಿನವೇ ವಿಚಾರಿಸಿಟ್ಟುಕೊಳ್ಳುವುದು ಒಳಿತು. ಕರೆಂಟ್ ಬಿಲ್ ಕಟ್ಟುವ ದಿನಾಂಕ ನೆನಪಿಡುವವರಿಗೆ ಇದು ಕಷ್ಟವೇನಲ್ಲ.

ಬಿಗಿತ, ಬೆವರು, ಉಸಿರುಗಟ್ಟುವಿಕೆ ಹತ್ತು ಹದಿನೈದು ನಿಮಿಷಕ್ಕೂ ಇಳಿಯದಿದ್ದರೆ ರೋಗಿ ತಾನೇ ಬೈಕ್ ಏರಬಾರದು. 108ಕ್ಕೆ ಕರೆ ಮಾಡಬೇಕು. ಇನ್ನೊಂದು ಮಾತು ಅನೇಕರಿಗೆ ತಿಳಿಯದು: ಆರಂಭದ ಇಸಿಜಿ ಸಹಜವಾಗಿಯೇ ಬರಬಹುದು. ನೋವು ಮುಂದುವರಿದಿದ್ದರೆ ಸ್ವಲ್ಪ ಹೊತ್ತಿನ ನಂತರ ಮತ್ತೊಮ್ಮೆ ತೆಗೆಯುತ್ತಾರೆ, ರಕ್ತದಲ್ಲಿ ಟ್ರೋಪೋನಿನ್ ಪರೀಕ್ಷಿಸುತ್ತಾರೆ. ಮೊದಲ ಕಾಗದ ಕೈಗೆ ಬಂದೊಡನೆ ಮನೆಯ ಬಸ್ಸು ಹಿಡಿಯುವ ಅವಸರ ಬೇಡ.