ದಾರಿ ಗೊತ್ತುಮಾಡುವುದು ಸುಂಕದಕಟ್ಟೆ

ಪಶ್ಚಿಮ ಆಫ್ರಿಕಾದ ಭೂಪಟದಲ್ಲಿ ಗ್ಯಾಂಬಿಯಾ ಒಂದು ಸಣ್ಣ ಪಟ್ಟಿ. ಅದೇ ಹೆಸರಿನ ನದಿಯ ಎರಡು ದಡಗಳಿಗೆ ಅಂಟಿಕೊಂಡಿರುವ ಈ ದೇಶಕ್ಕೆ ಕಡಲಿನ ಬದಿ ಬಿಟ್ಟರೆ ಉಳಿದ ಎಲ್ಲ ಕಡೆಯೂ ಸೆನೆಗಲ್ ದೇಶವೇ ಗಡಿ. ಸೆನೆಗಲ್‌ನ ದಕ್ಷಿಣ ಭಾಗವಾದ ಕಾಸಮಾನ್ಸ್‌ನಿಂದ ರಾಜಧಾನಿ ಡಕಾರ್‌ಗೆ ಹೊರಟ ಲಾರಿಗೆ ನೇರ ದಾರಿ ಇರುವುದು ಗ್ಯಾಂಬಿಯಾದ ಮೂಲಕ. 2016ರ ಫೆಬ್ರವರಿಯಲ್ಲಿ ಗ್ಯಾಂಬಿಯಾ ಸರ್ಕಾರ ಸೆನೆಗಲ್ ಲಾರಿಗಳ ಪ್ರವೇಶ ಶುಲ್ಕವನ್ನು 4,000 ಸಿಎಫ್‌ಎ ಫ್ರಾಂಕ್‌ನಿಂದ 4 ಲಕ್ಷಕ್ಕೆ ಏರಿಸಿತು. ಒಂದೇ ಏಟಿಗೆ ನೂರು ಪಟ್ಟು! ಸೆನೆಗಲ್‌ನ ಚಾಲಕರು ಸಿಟ್ಟಿಗೆದ್ದು ಗಡಿಯನ್ನೇ ಬಂದ್ ಮಾಡಿದರು. ಮೇ ತಿಂಗಳಲ್ಲಿ ರಾಜಿಯಾಗುವವರೆಗೆ ಲಾರಿಗಳು ಪೂರ್ವಕ್ಕೆ ತಿರುಗಿ, ತಂಬಾಕುಂಡಾ ಪಟ್ಟಣದ ಕಡೆಯಿಂದ ನೂರಾರು ಕಿಲೋಮೀಟರ್ ಸುತ್ತು ಬಳಸಿ ಓಡಾಡಿದವು.

ರಸ್ತೆ ಇದ್ದ ಕಡೆಯೇ ಇತ್ತು, ನದಿಯೂ ಇದ್ದ ಹಾಗೆಯೇ ಹರಿಯುತ್ತಿತ್ತು. ಬದಲಾದದ್ದು ಒಂದು ರಸೀದಿಯ ಮೊತ್ತ. ಅಷ್ಟರಿಂದಲೇ ಒಂದು ಪ್ರದೇಶದ ವ್ಯಾಪಾರದ ದಾರಿ ಬದಲಾಯಿತು.

ಸರಕು ಹತ್ತಿರದ ದಾರಿಯಲ್ಲೇ ಹೋಗುತ್ತದೆ ಎಂಬುದು ನಮ್ಮೆಲ್ಲರ ಸಾಮಾನ್ಯ ಲೆಕ್ಕಾಚಾರ. ಪಶ್ಚಿಮ ಆಫ್ರಿಕಾದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಅಲ್ಲಿ ಕಿಲೋಮೀಟರ್‌ಗಿಂತ ಹೆಚ್ಚಾಗಿ ದಾರಿಯಲ್ಲಿ ಎಷ್ಟು ಕಡೆ ನಿಲ್ಲಬೇಕು, ಬಂದರಿನಲ್ಲಿ ಎಷ್ಟು ಕಟ್ಟಬೇಕು, ಯಾವ ದಿನ ಊರು ತಲುಪಬಹುದು ಎಂಬ ಮೂರು ಪ್ರಶ್ನೆಗಳು ಲಾರಿಯ ದಾರಿಯನ್ನು ಗೊತ್ತುಮಾಡುತ್ತವೆ.

ಟೋಗೊ ದೇಶದ ರಾಜಧಾನಿ ಲೋಮೆ ಬೆಳೆದದ್ದೇ ಸುಂಕದ ಕಾರಣದಿಂದ. 19ನೇ ಶತಮಾನದ ಕೊನೆಯ ಭಾಗದಲ್ಲಿ ಇಂದಿನ ಘಾನಾದ ಕರಾವಳಿ ಬ್ರಿಟಿಷರ ಕೈಯಲ್ಲಿತ್ತು, ಅದರ ಹೆಸರು ಗೋಲ್ಡ್ ಕೋಸ್ಟ್. ಮದ್ಯ, ತಂಬಾಕು, ಬಂದೂಕುಗಳ ಮೇಲೆ ಬ್ರಿಟಿಷರು ಸುಂಕ ಹೇರಿ, ತಮ್ಮ ಸುಂಕದ ಗಡಿಯನ್ನು ಅಫ್ಲಾವೊ ಎಂಬ ಊರಿನವರೆಗೆ ಚಾಚಿದರು. ವ್ಯಾಪಾರಿಗಳು ಸುಮ್ಮನೆ ಆ ಗಡಿಯಿಂದ ಆಚೆಗೆ ಸರಿದು, ಪಕ್ಕದ ಮರಳ ದಂಡೆಯಲ್ಲಿ ಅಂಗಡಿ ಹಾಕಿದರು. ಹಡಗುಗಳೂ ಅಲ್ಲೇ ಲಂಗರು ಹಾಕತೊಡಗಿದವು. 1884ರಲ್ಲಿ ಜರ್ಮನರು ಈ ಕರಾವಳಿಯನ್ನು ತಮ್ಮದಾಗಿಸಿಕೊಂಡರು, 1897ರಲ್ಲಿ ಲೋಮೆ ಅವರ ರಾಜಧಾನಿಯಾಯಿತು. ಸ್ವಾತಂತ್ರ್ಯದ ಬಳಿಕವೂ ಇದೇ ಕಥೆ ಮುಂದುವರಿಯಿತು. ಘಾನಾ ಆಮದಿನ ಮೇಲೆ ಬಿಗಿ ಹಿಡಿದಾಗ ಬಣ್ಣಬಣ್ಣದ ಮೇಣದಚ್ಚಿನ ಬಟ್ಟೆಯ ಸಗಟು ವ್ಯಾಪಾರ ಲೋಮೆಯ ಮಾರುಕಟ್ಟೆಗೆ ಬಂತು. ಆ ವ್ಯಾಪಾರದಲ್ಲಿ ಶ್ರೀಮಂತರಾಗಿ ಮರ್ಸಿಡಿಸ್ ಬೆಂಜ್ ಕಾರುಗಳಲ್ಲಿ ಓಡಾಡಿದ ಹೆಂಗಸರನ್ನು ಜನ ‘ನಾನಾ ಬೆಂಜ್’ ಎಂದು ಕರೆದರು.

ಕಡಲಿಲ್ಲದ ಮೂರು ದೊಡ್ಡ ದೇಶಗಳು ಈ ಭಾಗದಲ್ಲಿವೆ: ಮಾಲಿ, ಬುರ್ಕಿನಾ ಫಾಸೊ ಮತ್ತು ನೈಜರ್. ಅಕ್ಕಿ, ಸಕ್ಕರೆ, ಸಿಮೆಂಟು, ಪೆಟ್ರೋಲು, ಗೊಬ್ಬರ ಹೀಗೆ ಹೊರಗಿನಿಂದ ಬರುವುದೆಲ್ಲ ಪರದೇಶದ ಬಂದರಿನಲ್ಲಿ ಇಳಿದು ಸಾವಿರ ಕಿಲೋಮೀಟರ್‌ನಷ್ಟು ರಸ್ತೆ ಹಿಡಿಯಬೇಕು. ಡಕಾರ್, ಐವರಿ ಕೋಸ್ಟ್‌ನ ಅಬಿಜಾನ್, ಘಾನಾದ ತೆಮಾ, ಲೋಮೆ, ಬೆನಿನ್ ದೇಶದ ಕೊಟೊನು ಬಂದರುಗಳು ಈ ಸರಕಿಗಾಗಿ ಪೈಪೋಟಿಗೆ ನಿಂತಿವೆ. ಬಂದರು ಶುಲ್ಕ ಇಳಿಸುವುದು, ದಾಸ್ತಾನಿಗೆ ಹೆಚ್ಚು ದಿನ ಬಿಟ್ಟುಕೊಡುವುದು, ಒಳನಾಡಿನ ದೇಶಗಳಿಗೇ ಪ್ರತ್ಯೇಕ ಗೋದಾಮು ಕೊಡುವುದು, ಇವೆಲ್ಲ ಗಿರಾಕಿಯನ್ನು ಸೆಳೆಯುವ ದಾರಿಗಳು. ಹಡಗಿನ ಗಾತ್ರ ಬೆಳೆದಂತೆ ಆಳದ ಬಂದರಿನ ಲೋಮೆಗೆ ಲಾಭವಾಯಿತು. 2019ರಲ್ಲಿ ತೆಮಾ ಕೂಡ ಹೊಸ ಕಂಟೇನರ್ ಟರ್ಮಿನಲ್ ತೆರೆಯಿತು.

ಬಂದರಿನ ಗೇಟು ದಾಟಿದ ಮೇಲೆ ಶುರುವಾಗುವುದು ರಸ್ತೆಯ ಪಾಡು. ರಸ್ತೆಗೆ ಅಡ್ಡಲಾಗಿ ಒಂದು ಹಗ್ಗ, ಪಕ್ಕದಲ್ಲಿ ಒಂದು ಡ್ರಮ್ಮು, ನೆರಳಿಗೆ ಒಂದು ಚಪ್ಪರ ಇದ್ದರೆ ಚೆಕ್‌ಪೋಸ್ಟ್ ತಯಾರು. ಒಂದು ಕಡೆ ಪೊಲೀಸರು, ಇನ್ನೊಂದು ಕಡೆ ಸುಂಕದವರು, ಮತ್ತೊಂದು ಕಡೆ ಜಾಂದಾರ್ಮ್ ಎಂಬ ಸಶಸ್ತ್ರ ಪಡೆ, ಅರಣ್ಯ ಇಲಾಖೆಯವರು, ಚಾಲಕರ ಸಂಘದ ವಸೂಲಿಗಾರರು. ಕಾಗದಪತ್ರ ಸರಿಯಿದ್ದರೂ ಮಾಮೂಲು ಕೊಡದೆ ಹಗ್ಗ ಇಳಿಯುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನೂ ಆಗದು ಎಂಬುದು ನಮ್ಮ ಹಿರಿಯರಿಗೆ ಗೊತ್ತಿದ್ದಂತೆ ಅಲ್ಲಿನ ಚಾಲಕರಿಗೂ ಗೊತ್ತು.

ಈ ಕಾಟವನ್ನು ಲೆಕ್ಕಕ್ಕೆ ತರುವ ಕೆಲಸ 2005ರ ಸುಮಾರಿಗೆ ಆರಂಭವಾಯಿತು. ಪಶ್ಚಿಮ ಆಫ್ರಿಕಾದ ಆರ್ಥಿಕ ಹಾಗೂ ಹಣಕಾಸು ಒಕ್ಕೂಟವು ಅಮೆರಿಕದ ನೆರವಿನೊಂದಿಗೆ ಕಾಗದಪತ್ರ ಸರಿಯಿರುವ ಲಾರಿಗಳ ಚಾಲಕರ ಕೈಗೆ ನಮೂನೆಗಳನ್ನು ಕೊಟ್ಟಿತು. ಎಲ್ಲಿ ನಿಲ್ಲಿಸಿದರು, ಯಾರು ನಿಲ್ಲಿಸಿದರು, ಎಷ್ಟು ಹೊತ್ತು, ಎಷ್ಟು ಹಣ ಎಂಬುದನ್ನು ಚಾಲಕರು ಅದರಲ್ಲಿ ಬರೆಯಬೇಕು. ಕೆಲವು ಮಾರ್ಗಗಳಲ್ಲಿ ಪ್ರತಿ 100 ಕಿಲೋಮೀಟರ್‌ಗೆ ಮೂರಕ್ಕಿಂತ ಹೆಚ್ಚು ತಡೆಗಳು ಕಂಡುಬಂದವು. ಅಂಕಿಅಂಶ ಪ್ರಕಟವಾಗತೊಡಗಿದ ಮೇಲೆ ಯಾವ ದೇಶದ ದಾರಿ ಸಲೀಸು, ಯಾವುದು ತ್ರಾಸ ಎಂಬುದು ಬಹಿರಂಗವಾಯಿತು.

ಲಂಚದ ಮೊತ್ತಕ್ಕಿಂತ ಹೆಚ್ಚು ಪೆಟ್ಟು ಕೊಡುವುದು ಕಾಯುವಿಕೆ. ಘಾನಾದ ಟೊಮೆಟೊ ವ್ಯಾಪಾರವನ್ನೇ ನೋಡಿ. ಅಕ್ರಾ, ಕುಮಾಸಿ ನಗರಗಳ ವ್ಯಾಪಾರಿ ಹೆಂಗಸರು ಮಳೆಯಿಲ್ಲದ ತಿಂಗಳುಗಳಲ್ಲಿ ಲಾರಿ ಗೊತ್ತುಮಾಡಿಕೊಂಡು ಬುರ್ಕಿನಾ ಫಾಸೊದ ಹೊಲಗಳವರೆಗೆ ಹೋಗಿ ಟೊಮೆಟೊ ತುಂಬಿಸಿಕೊಂಡು ಬರುತ್ತಾರೆ. ಮರದ ಪೆಟ್ಟಿಗೆಗಳಲ್ಲಿ ಒತ್ತಿ ತುಂಬಿದ ಹಣ್ಣು ಬಿಸಿಲಲ್ಲಿ ನಿಂತಷ್ಟೂ ಕೊಳೆಯುತ್ತದೆ. ತಡಮಾಡಿಸಿದರೆ ಹಣ ಬಿಚ್ಚುತ್ತಾರೆ ಎಂಬುದು ಚೆಕ್‌ಪೋಸ್ಟಿನವರಿಗೆ ಚೆನ್ನಾಗಿ ಗೊತ್ತು. ಕೊಳೆತ ಹಣ್ಣಿನ ನಷ್ಟವನ್ನು ಸೇರಿಸಿಯೇ ಸಂತೆಯಲ್ಲಿ ಬೆಲೆ ಕಟ್ಟಬೇಕು. ಕೊನೆಗೆ ಆ ಚೆಕ್‌ಪೋಸ್ಟಿನ ಖರ್ಚನ್ನು ತೆರುವವರು ಅಕ್ರಾದಲ್ಲಿ ಸಾರಿಗೆ ನಾಲ್ಕು ಹಣ್ಣು ಕೊಳ್ಳುವ ಮನೆಯವರು.

ಯುದ್ಧ ಬಂದರೆ ದಾರಿಗಳು ರಾತ್ರಿ ಬೆಳಗಾಗುವುದರೊಳಗೆ ಬದಲಾಗುತ್ತವೆ. 2002ರ ಸೆಪ್ಟೆಂಬರ್‌ನಲ್ಲಿ ಐವರಿ ಕೋಸ್ಟ್‌ನಲ್ಲಿ ದಂಗೆಯೆದ್ದು ದೇಶ ಉತ್ತರ–ದಕ್ಷಿಣವಾಗಿ ಒಡೆಯಿತು. ಅಬಿಜಾನ್‌ನಿಂದ ಬುರ್ಕಿನಾ ಫಾಸೊದ ರಾಜಧಾನಿ ವಾಗಡೂಗುವಿಗೆ ಹೋಗುವ ರೈಲು ನಿಂತಿತು. ಬುರ್ಕಿನಾದ ಸರಕು ತೆಮಾ, ಲೋಮೆ, ಕೊಟೊನುಗಳಿಗೆ ತಿರುಗಿತು. ಮಾಲಿ ಡಕಾರ್‌ನತ್ತ ಮುಖ ಮಾಡಿತು. ಉತ್ತರವನ್ನು ಹಿಡಿದಿದ್ದ ಬಂಡುಕೋರರು ಬೂಆಕೆ ನಗರದಲ್ಲಿ ‘ಲಾ ಸೆಂಟ್ರಾಲ್’ ಎಂಬ ಖಜಾನೆಯನ್ನೇ ತೆರೆದು, ತಮ್ಮ ನೆಲದಲ್ಲಿ ಹಾದುಹೋಗುವ ಲಾರಿಗಳಿಂದ ಸುಂಕ ವಸೂಲಿ ಮಾಡಿದರು. ಸರ್ಕಾರವಿರಲಿ, ಬಂಡುಕೋರರಿರಲಿ, ರಸ್ತೆಗೆ ಅಡ್ಡ ನಿಂತವರ ಕೈಗೆ ಹಣ ಸೇರಿತು.

ನೆರೆಯ ಎರಡು ದೇಶಗಳ ಸುಂಕದ ನಡುವೆ ದೊಡ್ಡ ಅಂತರ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆನಿನ್ ಮತ್ತು ನೈಜೀರಿಯಾ ಒಳ್ಳೆಯ ಉದಾಹರಣೆ. ತನ್ನ ರೈತರನ್ನು ಉಳಿಸಿಕೊಳ್ಳಲು ನೈಜೀರಿಯಾ 2013ರಿಂದ ಆಮದು ಅಕ್ಕಿಯ ಮೇಲೆ ಭಾರೀ ಸುಂಕ ಹೇರಿತು. ಬೆನಿನ್ 2014ರಲ್ಲಿ ತನ್ನ ಅಕ್ಕಿ ಸುಂಕವನ್ನು ಶೇ 35ರಿಂದ ಶೇ 7ಕ್ಕೆ ಇಳಿಸಿತು. ಭಾರತ, ಥಾಯ್ಲೆಂಡ್‌ಗಳಿಂದ ಕುಸುಬಲಕ್ಕಿ ಹೊತ್ತ ಹಡಗುಗಳು ಕೊಟೊನುವಿಗೆ ಸಾಲುಗಟ್ಟಿದವು. ಇಪ್ಪತ್ತು ಕೋಟಿಯಷ್ಟು ಜನರಿರುವ ನೈಜೀರಿಯಾದ ಪಕ್ಕದಲ್ಲಿ, ಒಂದೂವರೆ ಕೋಟಿಗೂ ಕಡಿಮೆ ಜನರ ಬೆನಿನ್ ಅಷ್ಟೊಂದು ಅಕ್ಕಿಯನ್ನು ತಾನೇ ಉಣ್ಣುತ್ತಿರಲಿಲ್ಲ. ಮೂಟೆಗಳು ಬೈಕು, ದೋಣಿ, ಹಳೆಯ ಕಾರುಗಳಲ್ಲಿ ಗಡಿ ದಾಟುತ್ತಿದ್ದವು.

ನೈಜೀರಿಯಾ 2016ರಲ್ಲಿ ಭೂಮಾರ್ಗದ ಅಕ್ಕಿ ಆಮದನ್ನು, 2017ರ ಆರಂಭದಿಂದ ಭೂಮಾರ್ಗದ ವಾಹನ ಆಮದನ್ನು ನಿಷೇಧಿಸಿತು. ಕಳ್ಳಸಾಗಣೆ ಅದಕ್ಕೂ ಬಗ್ಗದಿದ್ದಾಗ 2019ರ ಆಗಸ್ಟ್‌ನಲ್ಲಿ ಗಡಿಯನ್ನೇ ಮುಚ್ಚಿತು. ಆಫ್ರಿಕಾ ಖಂಡದ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಅದು ಸಹಿ ಹಾಕಿದ್ದು ಅದರ ಹಿಂದಿನ ತಿಂಗಳಷ್ಟೇ. ಗಡಿ ಮತ್ತೆ ತೆರೆದದ್ದು 2020ರ ಡಿಸೆಂಬರ್‌ನಲ್ಲಿ. ಈ ನಡುವೆ ನೈಜೀರಿಯಾದ ಸಂತೆಗಳಲ್ಲಿ ಆಹಾರದ ಬೆಲೆ ಏರಿತು, ಬೆನಿನ್‌ನ ತರಕಾರಿ, ಅನಾನಸ್ ಬೆಳೆಗಾರರಿಗೆ ಗಿರಾಕಿ ತಪ್ಪಿದರು. ಅತ್ತ ನೈಜೀರಿಯಾದ ಸಬ್ಸಿಡಿ ಪೆಟ್ರೋಲು ವರ್ಷಗಟ್ಟಲೆ ಎದುರು ದಿಕ್ಕಿನಲ್ಲಿ ಹರಿದಿತ್ತು. ಬೆನಿನ್‌ನ ರಸ್ತೆಬದಿಯಲ್ಲಿ ಬಾಟಲಿಗಳಲ್ಲಿ ಮಾರುವ ಆ ಪೆಟ್ರೋಲಿಗೆ ‘ಕ್ಪಾಯೊ’ ಎಂಬ ಹೆಸರೇ ಇದೆ. 2023ರ ಮೇ ತಿಂಗಳ ಕೊನೆಯಲ್ಲಿ ನೈಜೀರಿಯಾ ಸಬ್ಸಿಡಿ ಕೈಬಿಟ್ಟ ಕೂಡಲೇ ಕ್ಪಾಯೊ ಬೆಲೆಯೂ ಜಿಗಿಯಿತು. ಕಾವಲುಗಾರರಿಗೆ ವರ್ಷಗಟ್ಟಲೆ ತಡೆಯಲಾಗದ್ದನ್ನು ಒಂದು ಬೆಲೆ ಬದಲಾವಣೆ ಬಹುಮಟ್ಟಿಗೆ ತಡೆಯಿತು.

ಅದೇ ವರ್ಷದ ಜುಲೈ 26ರಂದು ನೈಜರ್‌ನಲ್ಲಿ ಸೇನೆ ಅಧಿಕಾರ ಕಸಿದುಕೊಂಡಿತು. ಪಶ್ಚಿಮ ಆಫ್ರಿಕಾ ದೇಶಗಳ ಕೂಟವಾದ ಇಕೊವಾಸ್ ದಿಗ್ಬಂಧನ ಹಾಕಿದ್ದರಿಂದ ಕೊಟೊನುವಿನಿಂದ ನೈಜರ್‌ನ ರಾಜಧಾನಿ ನಿಯಾಮೆಗೆ ಹೋಗುವ ಹೆದ್ದಾರಿ ಮುಚ್ಚಿತು. ನೈಜರ್ ನದಿಯ ದಡದಲ್ಲಿರುವ ಬೆನಿನ್‌ನ ಮಲನ್‌ವಿಲ್ ಪಟ್ಟಣದಲ್ಲಿ ಲಾರಿಗಳ ಸಾಲು ಕಿಲೋಮೀಟರ್‌ಗಟ್ಟಲೆ ಬೆಳೆಯಿತು. ನೈಜರ್‌ಗೆ ಉಳಿದದ್ದು ಲೋಮೆಯಿಂದ ಬುರ್ಕಿನಾ ಫಾಸೊ ಮೂಲಕ ಬರುವ ಉದ್ದನೆಯ ದಾರಿ. ಉಗ್ರರ ಕಾಟವಿರುವ ಆ ದಾರಿಯಲ್ಲಿ ಸೇನೆಯ ಬೆಂಗಾವಲಿನಲ್ಲಿ ಲಾರಿಗಳು ಗುಂಪಾಗಿ ಸಾಗಬೇಕಿತ್ತು. 2024ರ ಫೆಬ್ರವರಿಯಲ್ಲಿ ದಿಗ್ಬಂಧನ ತೆರವಾದರೂ ನೈಜರ್ ತನ್ನ ಕಡೆಯ ಗಡಿಯನ್ನು ಬೆನಿನ್‌ಗೆ ತೆರೆಯಲಿಲ್ಲ. 2025ರ ಜನವರಿಯಲ್ಲಿ ಮಾಲಿ, ಬುರ್ಕಿನಾ, ನೈಜರ್ ಮೂರೂ ಇಕೊವಾಸ್‌ನಿಂದ ಹೊರಬಂದವು. ಮಾರ್ಚ್‌ನಲ್ಲಿ ತಾವು ಮೂವರೇ ಕಟ್ಟಿಕೊಂಡ ಕೂಟದ ಹೊರಗಿನಿಂದ ಬರುವ ಸರಕಿನ ಮೇಲೆ ಶೇ 0.5ರ ಹೊಸ ಸುಂಕ ಹಾಕಿದವು.

ಇದೆಲ್ಲ ದೂರದ ದೇಶಗಳ ಸಂಗತಿ ಎನಿಸಬಹುದು. ಮಂಗಳೂರು, ಕಾರ್ಕಳ, ಕುಂದಾಪುರ ಕಡೆಯ ಗೇರುಬೀಜ ಕಾರ್ಖಾನೆಗಳಿಗೆ ಅದು ಅಷ್ಟೇನೂ ದೂರವಲ್ಲ. ಊರಿನ ಬೆಳೆ ಸಾಲದೆ ಅವು ನವಮಂಗಳೂರು ಬಂದರಿನ ಮೂಲಕ ಪಶ್ಚಿಮ ಆಫ್ರಿಕಾದ ಕಚ್ಚಾ ಗೇರುಬೀಜ ತರಿಸಿಕೊಳ್ಳುತ್ತವೆ. ಕಚ್ಚಾ ಗೇರುಬೀಜ ಬೆಳೆಯುವುದರಲ್ಲಿ ಜಗತ್ತಿಗೇ ಮೊದಲಿನದಾದ ಐವರಿ ಕೋಸ್ಟ್ ಅದನ್ನು ಬಂದರುಗಳಿಂದ ಮಾತ್ರ ಹೊರಗೆ ಕಳುಹಿಸಲು ಬಿಡುತ್ತದೆ. ಭೂಮಾರ್ಗದ ರಫ್ತಿಗೆ ಅಲ್ಲಿ ನಿಷೇಧವಿದೆ. ಪಕ್ಕದ ಘಾನಾದಲ್ಲಿ ಬೆಲೆ ಏರಿದರೆ ಮೂಟೆಗಳು ಕಾಡುದಾರಿ ಹಿಡಿದು ಅತ್ತ ಸಾಗುತ್ತವೆ, ಘಾನಾದ ಬೀಜವೆಂದು ಹಡಗು ಹತ್ತುತ್ತವೆ. ತನ್ನಲ್ಲೇ ಬೀಜ ಸುಲಿಯುವ ಕಾರ್ಖಾನೆಗಳನ್ನು ಬೆಳೆಸಲು ಬೆನಿನ್ 2024ರ ಏಪ್ರಿಲ್‌ನಿಂದ ಕಚ್ಚಾ ಬೀಜದ ರಫ್ತು ನಿಲ್ಲಿಸುವುದಾಗಿ ಪ್ರಕಟಿಸಿತು. ಇಂಥ ಒಂದೊಂದು ಆದೇಶವೂ ನಮ್ಮ ಕರಾವಳಿಯಲ್ಲಿ ಬೀಜ ಸುಲಿದು ಬಾಳುವ ಹೆಂಗಸರ ದುಡಿಮೆಯ ದಿನಗಳನ್ನು ತಟ್ಟುತ್ತದೆ.

ಹಾಗೆಂದು ಸುಂಕವೇ ಬೇಡವೆನ್ನಲಾಗದು. ಈ ಬಡ ದೇಶಗಳ ಶಾಲೆ, ಆಸ್ಪತ್ರೆಗಳು ನಡೆಯುವ ಹಣದಲ್ಲಿ ಬಂದರಿನ ಸುಂಕಕ್ಕೆ ದೊಡ್ಡ ಪಾಲಿದೆ. ಕಟ್ಟಬೇಕಾದ್ದನ್ನು ಒಂದೇ ಕಡೆ, ಮೊದಲೇ ಗೊತ್ತಿರುವ ಮೊತ್ತದಲ್ಲಿ ಕಟ್ಟಿಸಿಕೊಂಡು, ಆಮೇಲೆ ಲಾರಿಯನ್ನು ಬಿಡುವುದು ಸಾಧ್ಯವೇ ಎಂಬುದು ಪ್ರಶ್ನೆ. ಸಾಧ್ಯವೆಂಬುದಕ್ಕೆ ನಮ್ಮಲ್ಲೇ ಪುರಾವೆಯಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳನ್ನು ತೆಗೆದವು. 2018ರ ಏಪ್ರಿಲ್‌ನಿಂದ ಇ–ವೇ ಬಿಲ್ ಆ ಕೆಲಸ ಮಾಡುತ್ತಿದೆ. ಪಶ್ಚಿಮ ಆಫ್ರಿಕಾದಲ್ಲೂ ಟೋಗೊ–ಬುರ್ಕಿನಾ ಗಡಿಯ ಸಿಂಕಾಸೆಯಲ್ಲಿ, ಬೆನಿನ್–ನೈಜೀರಿಯಾ ಗಡಿಯ ಸೆಮೆಯಲ್ಲಿ ಎರಡೂ ದೇಶಗಳ ಅಧಿಕಾರಿಗಳು ಒಂದೇ ಆವರಣದಲ್ಲಿ ಕೂರುವ ಜಂಟಿ ಠಾಣೆಗಳನ್ನು ಕಟ್ಟಲಾಗಿದೆ. 2019ರ ಜನವರಿಯಲ್ಲಿ ಗ್ಯಾಂಬಿಯಾದ ಫರಾಫೆನ್ನಿ ಬಳಿ ನದಿಗೆ ಸೇತುವೆ ಬಂದು, ದೋಣಿಗಾಗಿ ಲಾರಿಗಳು ಸಾಲುಗಟ್ಟುವುದು ತಪ್ಪಿತು.

ಹೊರಡುವ ಊರಿನಲ್ಲೊಮ್ಮೆ, ಗಡಿಯಲ್ಲೊಮ್ಮೆ, ಸೇರುವ ಊರಿನಲ್ಲೊಮ್ಮೆ, ಹೀಗೆ ಮೂರೇ ಕಡೆ ಲಾರಿಯನ್ನು ತಪಾಸಣೆ ಮಾಡಬೇಕೆಂಬ ನಿರ್ದೇಶನವನ್ನು ಅಲ್ಲಿನ ಹಣಕಾಸು ಒಕ್ಕೂಟ 2005ರಲ್ಲೇ ಹೊರಡಿಸಿದೆ. ಅದರ ಜಾರಿಗೆ ಹೊಸ ಹೆದ್ದಾರಿ ಬೇಕಿಲ್ಲ, ವಿದೇಶಿ ಸಾಲವೂ ಬೇಕಿಲ್ಲ. ಹೊಸ ಬಂದರು, ಹೊಸ ರೈಲುಮಾರ್ಗಗಳ ಮಾತಾಡುವ ಸರ್ಕಾರಗಳು ಮೊದಲು ಈ ಹಳೆಯ ನಿರ್ದೇಶನವನ್ನು ಪೂರ್ತಿಯಾಗಿ ಪಾಲಿಸಲಿ.