ಸುರಪುರದ ಸಾಹೇಬ, ಹ್ಯಾಮರ್‌ನ ಥಗ್ಗರು

ಕಮಲಾಪುರದ ಕೆಂಪು ಬಾಳೆಹಣ್ಣು ಹೇರಿಕೊಂಡು ಟೆಂಪೊಗಳು ಕಲಬುರಗಿಗೆ ಬರುವ ಹುಮನಾಬಾದ್ ರಸ್ತೆಯಲ್ಲಿ ಈಗ ಪಕ್ಕದ ಸೀಟಿನವನಿಗೆ ಯಾರೂ ಹೆದರುವುದಿಲ್ಲ. ಇನ್ನೂರು ವರ್ಷಗಳ ಹಿಂದೆ ನಿಜಾಮರ ಸೀಮೆಯ ದಾರಿಗಳ ಮಾತೇ ಬೇರೆ. ಜೊತೆಗೆ ನಡೆದು, ನಂಬಿಕೆ ಗಳಿಸಿ, ‘ತಂಬಾಕು ತಾ’ ಎಂಬ ಸಂಕೇತ ಬಿದ್ದೊಡನೆ ರುಮಾಲಿನಿಂದ ಕುತ್ತಿಗೆ ಬಿಗಿಯುವ ಥಗ್ಗರ ಕಾಲವದು. ನಮ್ಮ ‘ಠಕ್ಕ’ ಬರೀ ಮೋಸಗಾರ. ಇಂಗ್ಲಿಷಿಗೆ ಹೋದ ಅವನ ದಾಯಾದಿಯ ಕೈಗೆ ರಕ್ತ ಮೆತ್ತಿಕೊಂಡಿತು.

ಮೆತ್ತಿಸಿದವರಲ್ಲಿ ಒಬ್ಬ ಈ ಕಡೆ ಬಾಳಿದವನೇ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಫಿಲಿಪ್ ಮೆಡೋಸ್ ಟೇಲರ್ ಹದಿಹರೆಯದಲ್ಲೇ ಮುಂಬೈಗೆ ಬಂದಿಳಿದು ನಿಜಾಮರ ನೌಕರಿ ಸೇರಿದ. ಪೊಲೀಸ್ ಕೆಲಸದಲ್ಲಿದ್ದಾಗ ನಿಗೂಢ ಕೊಲೆಗಳ ಜಾಡು ಹಿಡಿದಿದ್ದ. ಅಷ್ಟರಲ್ಲಿ ಸೈನ್ಯಕ್ಕೆ ವಾಪಸ್ ಕರೆಸಿಕೊಂಡರು. ಥಗ್ಗರನ್ನು ಬಯಲಿಗೆಳೆದ ಕೀರ್ತಿ ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್ ಪಾಲಾಯಿತು. ಆ ಕೊರಗು ಟೇಲರನ ಆತ್ಮಕಥೆಯಲ್ಲೂ ಇಣುಕುತ್ತದೆ.

ಕಥೆ ಮಾತ್ರ ಅವನ ಕೈತಪ್ಪಲಿಲ್ಲ. 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಲಂಡನ್ನಿನಲ್ಲಿ ಪ್ರಕಟವಾಯಿತು. ಸೆರೆಸಿಕ್ಕ ಥಗ್ಗ ಅಮೀರ್ ಅಲಿ, ಸಾಹೇಬನೆದುರು ಕೂತು ಒಂದೊಂದೇ ಕೊಲೆಯನ್ನು ಬಿಡಿಸಿ ಹೇಳುತ್ತಾನೆ, ಪಶ್ಚಾತ್ತಾಪಕ್ಕಿಂತ ಕಸುಬುದಾರನ ಹೆಮ್ಮೆಯಿಂದ. ಮೈ ನಡುಗಿಸುವುದು ಆ ಹೆಮ್ಮೆಯೇ.

ಎರಡು ವರ್ಷದ ಬಳಿಕ ಟೇಲರ್ ಸುರಪುರಕ್ಕೆ ಬಂದ. ಬಾಲಕ ರಾಜ ವೆಂಕಟಪ್ಪ ನಾಯಕನಿಗೆ ಅವನು ‘ಅಪ್ಪ’, ಜನರಿಗೆ ‘ಮಹಾದೇವ ಬಾಬಾ’. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ದಂಗೆಯೆದ್ದ ವೆಂಕಟಪ್ಪ ಸೆರೆಯಲ್ಲೇ ಗುಂಡಿಗೆ ಬಲಿಯಾದ. ಅದು ಬೇರೆಯದೇ ಕಥೆ, ಥಗ್ಗರದಕ್ಕಿಂತ ದೊಡ್ಡದು.

ಕಾದಂಬರಿ ಬಂದ 120 ವರ್ಷಕ್ಕೆ, 1959ರಲ್ಲಿ, ಬ್ರಿಟನ್ನಿನ ಹ್ಯಾಮರ್ ಚಲನಚಿತ್ರ ಕಂಪನಿ ‘ದಿ ಸ್ಟ್ರಾಂಗ್ಲರ್ಸ್ ಆಫ್ ಬಾಂಬೆ’ ತೆಗೆಯಿತು. ನಿರ್ದೇಶಕ, ಹಿಂದಿನ ವರ್ಷವಷ್ಟೇ ‘ಡ್ರಾಕುಲಾ’ ಮಾಡಿದ್ದ ಟೆರೆನ್ಸ್ ಫಿಶರ್. ಬಣ್ಣದ ರಕ್ತಕ್ಕೆ ಹೆಸರಾದ ಕಂಪನಿ ಇಲ್ಲಿ ಕಪ್ಪು-ಬಿಳುಪಿಗೆ ತೃಪ್ತಿಪಟ್ಟಿತು. ಇಡೀ ಭಾರತ ಥೇಮ್ಸ್ ದಡದ ಬ್ರೇ ಸ್ಟುಡಿಯೋದಲ್ಲಿ ಎದ್ದು ನಿಂತಿತು. ಕಾಳಿಯ ಪೂಜಾರಿಯಾದವನು ಸೈಪ್ರಸ್‌ನಲ್ಲಿ ಹುಟ್ಟಿದ ಜಾರ್ಜ್ ಪ್ಯಾಸ್ಟೆಲ್!

ಚಿತ್ರ ಟೇಲರನ ಕಾದಂಬರಿಯ ರೂಪಾಂತರವಲ್ಲ. ಆದರೂ ಗೈ ರೋಲ್ಫ್ ಅಭಿನಯಿಸಿದ ಕ್ಯಾಪ್ಟನ್ ಲೂಯಿಸ್‌ನನ್ನು ನೋಡಿ: ಪ್ರಯಾಣಿಕರು ಕಾಣೆಯಾಗುತ್ತಿದ್ದಾರೆಂದು ಬಾಯಿ ಬಡಿದುಕೊಂಡರೂ ಮೇಲಧಿಕಾರಿಗಳು ಕಿವಿಗೊಡುವುದಿಲ್ಲ, ತನಿಖೆ ಇನ್ನೊಬ್ಬನ ಕೈಸೇರುತ್ತದೆ. ಟೇಲರನ ಹಳೆಯ ಕೊರಗೇ ತೆರೆಗೆ ಬಂದಂತಿದೆ. ಕಳೆದುಹೋದದ್ದು ಅಮೀರ್ ಅಲಿಯ ನಾಲಗೆ. ಕಾದಂಬರಿಯಲ್ಲಿ ಕೊಲೆಗಾರ ಮನುಷ್ಯನಾಗಿ ಮಾತಾಡುತ್ತಾನೆ; ಚಿತ್ರದಲ್ಲಿ ಪೂಜಾರಿ ಅರಚುತ್ತಾನೆ, ಉಳಿದವರು ಕಣ್ಣರಳಿಸುತ್ತಾರೆ. ಭಯಕ್ಕೆ ಅಷ್ಟು ಸಾಲದು.

2009ರವರೆಗೆ ಕಲಬುರಗಿ ಜಿಲ್ಲೆಯಲ್ಲೇ ಇದ್ದ ಸುರಪುರ ಈಗ ಯಾದಗಿರಿ ಜಿಲ್ಲೆಗೆ ಸೇರಿದೆ. ಅಲ್ಲಿನ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇನ್ನೂ ನಿಂತಿದೆ.