ಟೊಮೆಟೊ ಸಸಿ ಮನೆಯೊಳಗೇಕೆ?

ತರಕಾರಿ ಸಸಿಗಳನ್ನು ಮನೆಯೊಳಗೆ, ಕಿಟಕಿ ಪಕ್ಕದಲ್ಲೇ ಎಬ್ಬಿಸಬೇಕು ಎಂಬ ಮಾತನ್ನು ಹೊಸದಾಗಿ ಕೈತೋಟಕ್ಕಿಳಿದವರು ಬಲವಾಗಿ ನಂಬಿರುತ್ತಾರೆ. ಅದು ಚಳಿದೇಶಗಳ ಕ್ರಮ. ಟೊರಾಂಟೊದಲ್ಲಿ ಮೇ ತಿಂಗಳ ಆರಂಭದಲ್ಲೂ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳಿರುತ್ತವೆ. ಅಲ್ಲಿನ ಕನ್ನಡಿಗರು ಮಾರ್ಚ್ ಕೊನೆಗೆ ಒಳಗೇ ಬೀಜ ಹಾಕಿ, ದಿನಕ್ಕೆ 14–16 ಗಂಟೆ ದೀಪ ಉರಿಸಬೇಕಾಗುತ್ತದೆ. ಬೆಂಗಳೂರಿಗೋ ಹುಬ್ಬಳ್ಳಿಗೋ ಆ ಕಷ್ಟವಿಲ್ಲ. ಜಡಿಮಳೆ, ನಡುಮಧ್ಯಾಹ್ನದ ಬಿಸಿಲು, ರಸ ಹೀರುವ ಹುಳು, ಇವು ತಾಗದಂತೆ ನೋಡಿಕೊಂಡರೆ ಎಳೆ ಸಸಿ ಬಾಲ್ಕನಿಯಲ್ಲೋ ತಾರಸಿಯಲ್ಲೋ ಚೆನ್ನಾಗಿ ಬೆಳೆಯುತ್ತದೆ.

ಕಿಟಕಿ ಬೆಳಕು ಸಾಕೆನಿಸುವುದು ನಮ್ಮ ಕಣ್ಣು ಮಬ್ಬಿಗೆ ಬೇಗ ಹೊಂದಿಕೊಳ್ಳುವುದರಿಂದ. ಬಯಲಿನಲ್ಲಿ ನಡುಹಗಲ ಬೆಳಕು ಸುಮಾರು 1 ಲಕ್ಷ ಲಕ್ಸ್. ಕೋಣೆಯೊಳಗೆ ಸಾಮಾನ್ಯವಾಗಿ ಕೆಲವು ನೂರು. ಸಸಿ ಬೆಳಕು ಹುಡುಕಿಕೊಂಡು ಬೆಳ್ಳಗೆ, ಸಣಕಲಾಗಿ ಏಳುತ್ತದೆ. ಎಷ್ಟು ಬೇಗ ಎತ್ತರವಾಯಿತೆಂದು ಖುಷಿಪಡುವಾಗಲೇ ವಾಲಿಬಿಡುತ್ತದೆ. ಹಾಗಾದ ಟೊಮೆಟೊವನ್ನು ಕಾಂಡದ ಅರ್ಧ ಮುಚ್ಚುವಂತೆ ಆಳಕ್ಕೆ ನೆಟ್ಟರೆ ಕಾಂಡದಿಂದಲೇ ಬೇರು ಬಂದು ಉಳಿದುಕೊಳ್ಳುತ್ತದೆ. ಮೆಣಸಿನಕಾಯಿ, ಬದನೆಗೆ ಈ ಉಪಾಯ ಅಷ್ಟಾಗಿ ಒಗ್ಗದು.

ಆದರೆ ಮೊಳಕೆಯೊಡೆಯುವವರೆಗೆ ಈ ಬೀಜಗಳಿಗೆ ಬಿಸಿಲು ಬೇಕಿಲ್ಲ, ಬೆಚ್ಚನೆಯ ತೇವವಿದ್ದರೆ ಸಾಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೈತರಿಗೆ ಕಲಿಸುವ ವಿಧಾನವೂ ಇದೇ: ಕೊಕೊಪಿಟ್ (ತೆಂಗಿನ ನಾರಿನ ಪುಡಿ) ತುಂಬಿ ಬೀಜ ಹಾಕಿದ ಪ್ರೋಟ್ರೇಗಳನ್ನು, ಅಂದರೆ ಗುಳಿಗಳಿರುವ ಸಸಿ ತಟ್ಟೆಗಳನ್ನು, ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು; ಮೊಳಕೆ ಕಂಡ ಕೂಡಲೇ ನೆರಳು ಬಲೆಯಡಿ ಹರಡಬೇಕು. ಹೀಗೆ ಹರಡುವುದು ಒಂದು ದಿನ ತಡವಾದರೂ ಸಸಿ ಉದ್ದುದ್ದ ಎಳೆದುಕೊಳ್ಳುತ್ತದೆ.

ಹೆಚ್ಚು ಸಸಿಗಳನ್ನು ಕೊಲ್ಲುವುದು ನೀರಿನ ಮೇಲಿನ ನಂಬಿಕೆ. ಬೆಳಿಗ್ಗೆ ನೆಟ್ಟಗಿದ್ದ ಸಸಿ ಸಂಜೆಗೆ ಅಡ್ಡ ಬಿದ್ದಿರುತ್ತದೆ. ಎಲೆ ಇನ್ನೂ ಹಸಿರು. ಬುಡ ಮಾತ್ರ ಮಣ್ಣಿನ ಮಟ್ಟದಲ್ಲಿ ನೀರೂರಿ ದಾರದಷ್ಟು ಸಣ್ಣಗಾಗಿರುತ್ತದೆ. ಬಾಯಾರಿತೆಂದು ಇನ್ನಷ್ಟು ನೀರು ಹೊಯ್ಯುತ್ತಾರೆ. ಇದು ಸಸಿ ಕೊಳೆ ರೋಗ. ಪಿಥಿಯಂನಂಥ ಸೂಕ್ಷ್ಮಜೀವಿಗಳು ಅತಿ ತೇವದಲ್ಲೇ ಹಬ್ಬುತ್ತವೆ. ಬಿದ್ದ ಸಸಿ ಏಳದು, ಕಿತ್ತೆಸೆಯಿರಿ. ಕೊಕೊಪಿಟ್‌ನ ಮೇಲ್ಮೈ ತಿಳಿಕಂದು ಬಣ್ಣಕ್ಕೆ ತಿರುಗಿದ ಮೇಲಷ್ಟೇ, ಅದೂ ಬೆಳಿಗ್ಗೆ, ನೀರು ಕೊಡಿ. ತಟ್ಟೆಯಡಿ ತೂತಿರಲಿ.

ಗೊಬ್ಬರದ ಆತುರವೂ ಬೇಡ. ಮೊದಲ ಜೋಡಿ ಬೀಜದಳಗಳು ತಮ್ಮ ಬುತ್ತಿ ತಾವೇ ತಂದಿರುತ್ತವೆ. ನಿಜವಾದ ಎಲೆ ಮೂಡಿದ ಮೇಲೆ ತೆಳುವಾಗಿ ಕೊಟ್ಟರಾಯಿತು.

ಎಲ್ಲ ತರಕಾರಿಗೂ ಸಸಿ ಮಾಡಬೇಕೆಂದೂ ಇಲ್ಲ. ಹುರುಳಿಕಾಯಿ, ಬೆಂಡೆ, ಮೂಲಂಗಿ, ಕ್ಯಾರೆಟ್ ಬೀಜವನ್ನು ಕುಂಡಕ್ಕೇ ನೇರ ಹಾಕಿ. ಕಿತ್ತು ನೆಟ್ಟ ಮೂಲಂಗಿ, ಕ್ಯಾರೆಟ್ ಕವಲೊಡೆದು ಸೊಟ್ಟಗಾಗುತ್ತವೆ.

ಟೊಮೆಟೊ ಸಸಿ ಸುಮಾರು 25 ದಿನಕ್ಕೆ, ಮೆಣಸಿನಕಾಯಿ 35–40 ದಿನಕ್ಕೆ ನಾಟಿಗೆ ಬರುತ್ತದೆ. ಅದಕ್ಕೆ ಒಂದು ವಾರ ಮುಂಚೆಯೇ ನೀರು ಸ್ವಲ್ಪ ಕಡಿಮೆ ಮಾಡಿ, ಬಿಸಿಲಿನ ಹೊತ್ತನ್ನು ದಿನದಿನಕ್ಕೆ ಹೆಚ್ಚಿಸುತ್ತಾ ಹೋಗಿ. ಬಿಸಿಲಿಳಿದ ಸಂಜೆ ನೆಡಿ.